ಸಾಲ್ಸೆಟ್ ಕಾಡಿನ ಕಿರು ಬಸವನಹುಳು: ಒಂದು ಪಾರಿಭಾಷಿಕ ತೊಡಕು

ಮುಂಬಯಿಯ ಉಪನಗರಗಳು ಹಬ್ಬಿರುವ ಸಾಲ್ಸೆಟ್ ಮೂಲತಃ ಒಂದು ದ್ವೀಪ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಹುಭಾಗ ಈ ದ್ವೀಪದಲ್ಲಿಯೇ ಇದೆ. ಮಳೆ ಹಿಡಿದೊಡನೆ ಇಲ್ಲಿಯ ತರಗೆಲೆಗಳ ಅಡಿಯಿಂದ ನೆಲವಾಸಿ ಬಸವನಹುಳುಗಳು ಹೊರಬರುತ್ತವೆ. ಇಂಥ ಕಡೆ ಸುಮಾರು 10 ಮಿಲಿಮೀಟರ್ ಉದ್ದದ, ದಬ್ಬಳದಂತೆ ನೀಳವಾದ ಚಿಪ್ಪೊಂದು ದೊರೆತರೆ ಅದರ ಪ್ರಭೇದವನ್ನು ನಿರ್ಣಯಿಸುವುದು ಹೇಗೆಂಬುದು ಪ್ರಸ್ತುತ ವಿಚಾರ.

ಮೊದಲು ಸುರುಳಿಯ ದಿಕ್ಕನ್ನು ನೋಡಬೇಕು. ಚಿಪ್ಪಿನ ತುದಿ ಮೇಲಾಗಿ, ಬಾಯಿ ನಮ್ಮೆದುರಾಗಿ ಇರುವಂತೆ ಹಿಡಿದಾಗ ಬಾಯಿ ಬಲಕ್ಕಿದ್ದರೆ ಪ್ರಾಣಿಶಾಸ್ತ್ರವು ಅದನ್ನು ಬಲಸುರುಳಿ ಎನ್ನುತ್ತದೆ. ಮುಂಬಯಿಯಲ್ಲಿಯೂ ಕಾಣಸಿಗುವ ಆರಿಯೊಫ್ಯಾಂಟಾ ಲೀವಿಪೆಸ್ ಎಡಸುರುಳಿಯದು. ನಮ್ಮ ನೀಳ ಚಿಪ್ಪು ಬಲಸುರುಳಿಯದು. ಆದರೆ ಇದನ್ನು ‘ಬಲಮುರಿ’ ಎಂದು ಕರೆಯುವಂತಿಲ್ಲ. ಪೂಜೆಯ ಶಂಖವನ್ನು ನಾವು ತುದಿ ಕೆಳಗಾಗಿ ಹಿಡಿದು ನೋಡುತ್ತೇವೆ. ಆದುದರಿಂದ ಸಂಪ್ರದಾಯದ ಅಪರೂಪದ ಬಲಮುರಿ ಶಂಖವೇ ಪ್ರಾಣಿಶಾಸ್ತ್ರದ ಎಡಸುರುಳಿ. ಪದ ನಮ್ಮದೇ ಆದರೂ ಹಿಡಿಯುವ ಕ್ರಮವನ್ನು ಹೇಳದೆ ಬಳಸಿದರೆ ಗುರುತೇ ತಲೆಕೆಳಗಾಗುತ್ತದೆ.

ಎರಡನೆಯದು, ಸುರುಳಿಗಳು ಸುತ್ತಿಕೊಂಡಿರುವ ನಡುಗಂಬ. ಬಾಯಿಯ ಬಳಿ ಅದು ಕತ್ತರಿಸಿದಂತೆ ಮೊಟಕಾಗಿದ್ದರೆ ಗ್ಲೆಸುಲಾ ಅಥವಾ ಸುಬ್ಯುಲಿನಾ ಕುಲವನ್ನು ನೆನೆಯಬೇಕು. ಮೊಟಕಾಗದೆ ತುಟಿಯನ್ನು ಸೇರಿದ್ದರೆ ಆಲೋಪಿಯಾಸ್ ಕುಲವನ್ನು. ಥಾಮಸ್ ಹಟನ್ 1834ರಲ್ಲಿ ವರ್ಣಿಸಿದ, ಇಂದು ಆಲೋಪಿಯಾಸ್ ಗ್ರಾಸಿಲೆ ಎನಿಸಿಕೊಂಡಿರುವ ಪ್ರಭೇದ ಈ ಕೊನೆಯ ಕುಲದ್ದು. ‘ಗ್ರಾಸಿಲೆ’ ಎಂದರೆ ತೆಳುವಾದುದು. ಬಣ್ಣವನ್ನು ಮಾತ್ರ ನಂಬಲಾಗದು: ಜೀವಂತ ಹುಳುವಿನ ಅರೆಪಾರದರ್ಶಕ ಚಿಪ್ಪು ಸತ್ತ ಬಳಿಕ ಬಿಳಿಚಿಕೊಳ್ಳುತ್ತದೆ. ಮರಿಗಳಲ್ಲಿ ಸುತ್ತುಗಳೂ ಕಡಿಮೆ. ಸಂಶಯ ಉಳಿದರೆ ಒಳಾಂಗಗಳ ಪರೀಕ್ಷೆ, ಡಿಎನ್‌ಎ ಹೋಲಿಕೆ ಅನಿವಾರ್ಯ.

ಇಷ್ಟು ಸೂಕ್ಷ್ಮತೆ ಏಕೆಂಬ ಪ್ರಶ್ನೆ ಸಹಜ. ಸುಬ್ಯುಲಿನಾ ಆಕ್ಟೋನಾ ಅಮೆರಿಕದ ಉಷ್ಣವಲಯದಿಂದ ಮನುಷ್ಯರ ಮೂಲಕ ಹರಡಿದ ಜೀವಿ. ಗ್ಲೆಸುಲಾ ಭಾರತ, ಶ್ರೀಲಂಕಾಗಳಲ್ಲಿ ಹಲವು ಪ್ರಭೇದಗಳಾಗಿ ಬೆಳೆದ ಕುಲ. ನಡುಗಂಬದ ಮೊಟಕು ಇವೆರಡಕ್ಕೂ ಸಮಾನವಾದುದರಿಂದ ಅದೊಂದನ್ನೇ ನಂಬಿದರೆ ವಲಸೆ ಬಂದುದನ್ನು ಕಾಡಿನ ಮೂಲನಿವಾಸಿಯೆಂದೂ, ಮೂಲನಿವಾಸಿಯನ್ನು ಪರಕೀಯವೆಂದೂ ದಾಖಲಿಸಿಬಿಡುತ್ತೇವೆ. ಸುತ್ತಲೂ ನಗರ ಒತ್ತಿ ನಿಂತಿರುವ ಕಾಡಿನಲ್ಲಿ ಏನನ್ನು ಉಳಿಸಿಕೊಳ್ಳಬೇಕೆಂಬುದು ಇಂಥ ದಾಖಲೆಗಳನ್ನೇ ಅವಲಂಬಿಸಿದೆ.

ಹಸ್ತಪ್ರತಿಯ ಒಂದಕ್ಷರದ ವ್ಯತ್ಯಾಸದಿಂದ ಅರ್ಥ ಬದಲಾಗುವುದನ್ನು ಗ್ರಂಥಸಂಪಾದನೆಯಲ್ಲಿ ನಾವು ಬಲ್ಲೆವು. ಚಿಪ್ಪಿನ ಓದಿಗೂ ಅದೇ ಎಚ್ಚರ ಬೇಕು. ಕನ್ನಡದ ವಿಜ್ಞಾನ ನಿಘಂಟುಗಳು ‘ಬಲಮುರಿ’ ಪದಕ್ಕೆ ಅರ್ಥ ಕೊಡುವಾಗ ಚಿಪ್ಪನ್ನು ಹಿಡಿಯುವ ಕ್ರಮವನ್ನೂ ಹೇಳುವುದು ಅಗತ್ಯವೆಂದು ನಮ್ಮ ಅಭಿಪ್ರಾಯ.