ಬೇಡಿ ತಂದು ನೀಡಿದವರು

ಉಪಕಾರ ಪಡೆದವನು ಕೈಮುಗಿಯಬೇಕು, ಉಪಕಾರ ಮಾಡಿದವನು ಆ ನಮಸ್ಕಾರವನ್ನು ಸ್ವೀಕರಿಸಬೇಕು, ಇದು ಲೋಕರೂಢಿ. ದಾನಿಗಳ ಹೆಸರನ್ನು ಗೋಡೆಯ ಮೇಲೆ ಬರೆಯಿಸುವ ಪದ್ಧತಿ ಹುಟ್ಟಿದುದೂ ಇದರಿಂದಲೇ. ಆದರೆ ಉಡುಪಿಯಿಂದ ಬಡಗಣಕ್ಕೆ ಹೊರಟು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳನ್ನು ದಾಟಿ ಹೋಗುವ ಹೆದ್ದಾರಿಯ ಆಚೀಚೆ ನೆಲೆಸಿದ ಕ್ರೈಸ್ತರು ಇಂದಿಗೂ ನೆನೆಯುವ ಕೆಲವು ಪಾದ್ರಿಗಳ ಚರಿತ್ರೆ ಈ ರೂಢಿಯನ್ನು ತಲೆಕೆಳಗು ಮಾಡುವಂತಹುದು. ಅಲ್ಲಿ ಬೇಡಿದವನು ಕೊಡುವಾತನೇ. ಕೃತಜ್ಞತೆ ಬಂದುದು, ಯಾರೂ ನಿರೀಕ್ಷಿಸದ ಕಡೆಯಿಂದ.

ಕುಂದಾಪುರದ ರೋಜರಿ ಮಾತೆಯ ಇಗರ್ಜಿ ಈ ಸೀಮೆಯಲ್ಲಿ ಅತ್ಯಂತ ಹಳೆಯದು. ಅದರ ಸ್ಥಾಪನೆಯ ವರುಷ 1570. ಪಂಚಗಂಗಾವಳಿಯ ದಡದಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿಕೊಂಡಿದ್ದ ಕಾಲ ಅದು. ನೂರು ವರುಷ ಕಳೆಯುವಷ್ಟರಲ್ಲಿ ಅವರ ಬಲ ಕುಂದಿ, ಕರಾವಳಿ ಕೆಳದಿಯ ಅರಸರ ಅಧೀನವಾಯಿತು. ಕೆಳದಿಯ ಚೆನ್ನಮ್ಮಾಜಿ ಆಳುತ್ತಿದ್ದಾಗ, 1681ರಲ್ಲಿ, ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಜೋಸೆಫ್ ವಾಜ್ ಎಂಬ ಮೂವತ್ತರ ಹರೆಯದ ಪಾದ್ರಿ ಕನ್ನಡ ಕರಾವಳಿಗೆ ಬಂದನು. ಇಲ್ಲಿ ಆತನಿದ್ದುದು ಕೇವಲ ಮೂರು ವರುಷ. ಪ್ರಾರ್ಥನೆಯಲ್ಲಿ ತನ್ಮಯನಾಗಿದ್ದಾಗ ಆತನ ದೇಹ ನೆಲ ಬಿಟ್ಟು ಮೇಲೆದ್ದುದನ್ನು ಕುಂದಾಪುರದಲ್ಲಿ ಕಂಡವರುಂಟು ಎಂಬ ಐತಿಹ್ಯವನ್ನು ಭಕ್ತರು ಇಂದಿಗೂ ಹೇಳುತ್ತಾರೆ. ನಂಬುವವರು ನಂಬಲಿ. ಆದರೆ ಆತನ ಪಾದಗಳು ನೆಲದ ಮೇಲೆಯೇ ಇದ್ದಾಗ ಮಾಡಿದ ಕೆಲಸ ಅದಕ್ಕಿಂತಲೂ ಅಚ್ಚರಿಯದು.

ಅದು ನಡೆದುದು ಸಿಂಹಳದಲ್ಲಿ. ಕ್ಯಾಥೊಲಿಕ ಪಾದ್ರಿಗಳಿಗೆ ಡಚ್ಚರು ನಿಷೇಧ ಹಾಕಿದ್ದ ಆ ದ್ವೀಪಕ್ಕೆ ವಾಜ್ 1687ರಲ್ಲಿ ಕೂಲಿಯವನ ವೇಷದಲ್ಲಿ ಹೊಕ್ಕನು. 1697ರಲ್ಲಿ ಕ್ಯಾಂಡಿ ಪಟ್ಟಣಕ್ಕೆ ಸಿಡುಬು ಬಡಿಯಿತು. ರೋಗಿಗಳನ್ನು ಮನೆಮಂದಿಯೇ ಕಾಡಿನಲ್ಲಿ ಬಿಟ್ಟು ಓಡಿದರು. ವಾಜ್ ತನ್ನ ಅಕ್ಕನ ಮಗನಾದ ಜೋಸೆಫ್ ಕರ್ವಾಲ್ಯೊ ಎಂಬ ಪಾದ್ರಿಯನ್ನು ಜೊತೆಗೂಡಿಸಿಕೊಂಡು ಅವರನ್ನು ಹುಡುಕಿ ತಂದು, ಗುಡಿಸಲು ಹಾಕಿ, ಗಂಜಿಯುಣಿಸಿ, ಹುಣ್ಣು ತೊಳೆದು, ಸತ್ತವರನ್ನು ಹೂಳಿದನು. ರೋಗಿಯ ಮತ ಯಾವುದೆಂದು ಕೇಳಲಿಲ್ಲ. ಈ ಪಾದ್ರಿ ಇಲ್ಲದೆ ಹೋಗಿದ್ದರೆ ಬೀದಿಗಳು ಹೆಣಗಳಿಂದ ತುಂಬಿಹೋಗುತ್ತಿದ್ದುವೆಂದು ಬೌದ್ಧನಾದ ರಾಜ ವಿಮಲಧರ್ಮಸೂರ್ಯನೇ ಒಪ್ಪಿಕೊಂಡನೆಂದು ಚರಿತ್ರಕಾರರು ಬರೆದಿದ್ದಾರೆ. 1711ರಲ್ಲಿ ಕ್ಯಾಂಡಿಯಲ್ಲಿಯೇ ಮಡಿದ ಆತನನ್ನು ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತನೆಂದು ಘೋಷಿಸಿದರು. ರಾಜನ ಮಾತಿಗೂ ಈ ಘೋಷಣೆಗೂ ನಡುವೆ ಮೂರು ಶತಮಾನಗಳು ಉರುಳಿದ್ದುವು.

ಕುಂದಾಪುರದಿಂದ ತೆಂಕಣಕ್ಕೆ ಇಳಿದರೆ ಬ್ರಹ್ಮಾವರ. ಇಲ್ಲಿಯ ಕಥೆ ಇನ್ನಷ್ಟು ಹತ್ತಿರದ ಕಾಲದ್ದು, ಇನ್ನಷ್ಟು ಕಹಿಯಾದದ್ದು. ಪೋರ್ಚುಗಲ್ಲಿನ ಅರಸನಿಗೂ ಪೋಪರಿಗೂ 1886ರಲ್ಲಿ ಆದ ಒಡಂಬಡಿಕೆಯ ಫಲವಾಗಿ, ಈ ಭಾಗದಲ್ಲಿ ಅದುವರೆಗೆ ಗೋವೆಯ ಆರ್ಚ್‌ಬಿಷಪರ ಕೈಕೆಳಗಿದ್ದ ಇಗರ್ಜಿಗಳು ಮಂಗಳೂರಿನ ಅಧಿಕಾರಕ್ಕೆ ಒಳಪಟ್ಟುವು. ಕೊಂಕಣಿ ಮಾತಾಡುವ ಅನೇಕ ಕುಟುಂಬಗಳಿಗೆ ಇದು ಒಪ್ಪಿಗೆಯಾಗಲಿಲ್ಲ. ಬ್ರಹ್ಮಾವರದವರ ಒಂದು ಗುಂಪು ಗೋವೆಯ ಪಾದ್ರಿ ಆಂತೋನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಅಲ್ವಾರಿಸರನ್ನು ಹಿಂಬಾಲಿಸಿ ಮಲಂಕರದ ಸಿರಿಯನ್ ಸಭೆಯನ್ನು ಸೇರಿತು. 1889ರ ಜುಲೈ 29ರಂದು ಕೊಟ್ಟಾಯಂನಲ್ಲಿ ಅಲ್ವಾರಿಸರಿಗೆ ‘ಮಾರ್ ಜೂಲಿಯಸ್’ ಎಂಬ ಹೆಸರಿನಿಂದ ಬಿಷಪ್ ಪದವಿ ದೊರೆಯಿತು. ಒಂದೇ ಊರಿನಲ್ಲಿ, ಒಂದೇ ಭಾಷೆಯ, ಒಂದೇ ಅಡುಗೆಯ ಜನ ಎರಡಾದರು. ಯಾರದು ಸರಿ, ಯಾರದು ತಪ್ಪು ಎಂಬುದು ಇಲ್ಲಿಯ ವಿಚಾರವಲ್ಲ.

ಅಲ್ವಾರಿಸರ ಬಾಳಿನ ಇನ್ನೊಂದು ಮುಖವನ್ನು ಮಾತ್ರ ನೋಡಬೇಕು. 1836ರಲ್ಲಿ ಗೋವೆಯ ವೆರ್ಣೆಯಲ್ಲಿ ಹುಟ್ಟಿದ ಇವರು ಬಿಷಪರಾಗುವುದಕ್ಕೆ ಬಹಳ ಮೊದಲೇ, 1871ರಲ್ಲಿ, ಪಣಜಿಯಲ್ಲಿ ಭಿಕ್ಷುಕರಿಗಾಗಿ ಒಂದು ಧರ್ಮಸಂಸ್ಥೆಯನ್ನು ಆರಂಭಿಸಿದ್ದರು. ಪತ್ರಿಕೆಗಳನ್ನು ನಡೆಸಿ ಸರಕಾರವನ್ನೂ ಧರ್ಮಾಧಿಕಾರಿಗಳನ್ನೂ ಟೀಕಿಸಿದರು. 1895ರಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಬಂಧಿತರಾಗಿ, ಬಿಡುಗಡೆಯನ್ನೂ ಹೊಂದಿದರು. ಇಷ್ಟು ರಗಳೆಯ ನಡುವೆ ಈ ಮನುಷ್ಯ ಕಾಲರಾ ರೋಗದ ಚಿಕಿತ್ಸೆಯ ಬಗ್ಗೆ ಪುಸ್ತಿಕೆ ಬರೆದರು. ಅಗ್ಗದಲ್ಲಿ ಹೊಟ್ಟೆ ತುಂಬುವ ಮರಗೆಣಸನ್ನು ಬೆಳೆಯಿರೆಂದು ಗೋವೆಯ ಜನರಿಗೆ ತಿಳಿಯಹೇಳಿದರು. ಕಿರೀಟ ಧರಿಸಿದ ಬಿಷಪರೊಬ್ಬರು ಮರಗೆಣಸಿನ ವಿಚಾರ ಬರೆಯುವುದೆಂದರೆ ಸಣ್ಣ ಸಂಗತಿಯಲ್ಲ.

ಬಾಳಿನ ಕೊನೆಯ ವರುಷಗಳನ್ನು ಅವರು ಪಣಜಿಯ ಬಡವರ ಮನೆಗೇ ಮೀಸಲಿಟ್ಟರು. ಅಲ್ಲಿ ಕುಷ್ಠರೋಗಿಗಳಿದ್ದರು, ಕ್ಷಯರೋಗಿಗಳಿದ್ದರು. ನಿಶ್ಚಿತವಾದ ಆದಾಯವೆಂಬುದು ಇರಲಿಲ್ಲ. ಆದುದರಿಂದ ವೃದ್ಧ ಬಿಷಪರು ಭಿಕ್ಷಾಪಾತ್ರೆ ಹಿಡಿದು ಅಂಗಡಿ ಬೀದಿಗೆ ಇಳಿದರು. ಒಂದು ದಿನ ಅಂಗಡಿಯವನೊಬ್ಬನು ಪಾತ್ರೆಯೊಳಕ್ಕೆ ಉಗುಳಿಬಿಟ್ಟನಂತೆ. “ಇದು ನನಗೆ ಆಯಿತು, ಇನ್ನು ಬಡವರಿಗೇನಾದರೂ ಕೊಡು” ಎಂದು ಅವರು ಅಲ್ಲಿಯೇ ನಿಂತರೆಂದು ಜನ ಹೇಳುತ್ತಾರೆ.

ಅವರು 1923ರ ಸೆಪ್ಟೆಂಬರ್ 23ರಂದು ರಾಯಬಂದರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಕ್ಯಾಥೊಲಿಕ ಸಭೆಯಿಂದ ಹೊರಬಿದ್ದವರಾದುದರಿಂದ ಅಂತ್ಯವಿಧಿಗೆ ಪಾದ್ರಿಗಳಿರಲಿಲ್ಲ. ಆದರೆ ಪಣಜಿಯ ಪುರಭವನದಲ್ಲಿ ಶವವನ್ನಿರಿಸಿದಾಗ ಸಾವಿರಾರು ಜನ ಬಂದರು. ಅವರಲ್ಲಿ ಬಡವರು, ಭಿಕ್ಷುಕರು ಬಹು ಮಂದಿ. ಒಂದು ಕಾಲದಲ್ಲಿ ಅವರನ್ನು ಸೆರೆಹಿಡಿಸಿದ್ದ ಸರಕಾರದ ಗವರ್ನರನೂ ತನ್ನ ಪ್ರತಿನಿಧಿಯನ್ನು ಕಳುಹಿಸಿದನು. ಮಂತ್ರಪಠನವಿಲ್ಲದೆ ಸಾಂತ ಇನೇಸ್ ಸ್ಮಶಾನದ ಒಂದು ಮೂಲೆಯಲ್ಲಿ ಅವರನ್ನು ಹೂಳಲಾಯಿತು. ನಾಲ್ಕು ವರುಷದ ಬಳಿಕ ಮಿತ್ರರು ಅಸ್ಥಿಗಳನ್ನು ಆರಿಸಿ, ಅವರು ಮಾನವಪ್ರೇಮಿಯೂ ದೇಶಭಕ್ತರೂ ಆಗಿದ್ದರೆಂದು ಕೆತ್ತಿಸಿದ ಅಮೃತಶಿಲೆಯನ್ನು ಅದರ ಮೇಲಿಟ್ಟರು.

ಹಾಗಾದರೆ ಬ್ರಹ್ಮಾವರದಲ್ಲಿ ಉಳಿದ ಜನರ ಗತಿಯೇನಾಯಿತು? ಬಿಷಪರು ಊರೂರು ಅಲೆಯುತ್ತಿದ್ದರೆ, ಇಲ್ಲಿ ಬೇರೂರಿ ನಿಂತವರು ಅವರ ಜೊತೆಗಾರರಾದ ರೋಕ್ ಜೆಫ್ರಿನ್ ನೊರೊನ್ಹಾ ಪಾದ್ರಿಗಳು. 1888ರಲ್ಲಿ ಬಂದವರು 1936ರಲ್ಲಿ ಕಣ್ಣು ಮುಚ್ಚುವವರೆಗೆ, ನಲವತ್ತೆಂಟು ವರುಷ, ಈ ಮಣ್ಣನ್ನು ಬಿಡಲಿಲ್ಲ. ಬಹಿಷ್ಕಾರಕ್ಕೊಳಗಾದ ಪುಟ್ಟ ಸಮುದಾಯ, ಬೆನ್ನಿಗೆ ಹಣವಂತರಿಲ್ಲ, ಮಾತೃಸಭೆಯೋ ದೂರದ ಕೇರಳದಲ್ಲಿ, ಅದರ ಭಾಷೆಯೂ ಬೇರೆ. ಇಂತಹ ಜನಕ್ಕೆ ಪೂಜೆಯೊಂದೇ ಸಾಲದು, ಮಕ್ಕಳಿಗೆ ಓದೂ ಬೇಕೆಂಬುದನ್ನು ಅವರು ಕಂಡುಕೊಂಡರು. ಸಂತ ಮರಿಯಮ್ಮನವರ ಸಿರಿಯನ್ ಇಗರ್ಜಿಯ ಹೆಸರಿನ ಮೂರು ಅಕ್ಷರಗಳನ್ನು ಹೊತ್ತ ಎಸ್.ಎಂ.ಎಸ್. ಕಾಲೇಜು ಬ್ರಹ್ಮಾವರದಲ್ಲಿ ಇಂದು ಎಲ್ಲ ಜಾತಿಮತಗಳ ಹುಡುಗ ಹುಡುಗಿಯರಿಗೂ ತೆರೆದಿದೆ. ಜಗಳದಿಂದ ಹುಟ್ಟಿದ ಸಭೆಯೊಂದು ಜಗಳದ ಕಾರಣವನ್ನು ಅರಿಯದ ಮಕ್ಕಳಿಗೆ ಪಾಠ ಹೇಳುತ್ತಿದೆ. ಪಾದ್ರಿಗಳು ಬದುಕಿದ್ದರೆ ನಗುತ್ತಿದ್ದರೋ ಏನೋ! ಅಲ್ವಾರಿಸರು ತೀರಿಕೊಂಡ 1923ರಲ್ಲಿಯೇ ಪಕ್ಕದ ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ಸ್ವಿಸ್ ಮಹಿಳೆ ಡಾಕ್ಟರ್ ಈವಾ ಲೊಂಬಾರ್ಡ್ ಚಿಕಿತ್ಸಾಲಯ ತೆರೆದರು. ಅದು ಅವರ ಹೆಸರಿನ ಆಸ್ಪತ್ರೆಯಾಗಿ ಬೆಳೆದಿದೆ.

ಬೈಂದೂರಿನ ಕಡೆಯದು ಬೇರೆಯೇ ಬಗೆ. ಕೊಲ್ಲೂರು, ಜಡ್ಕಲ್, ಮುದೂರುಗಳ ಕಾಡಂಚಿಗೆ ಕಳೆದ ಶತಮಾನದಲ್ಲಿ ಕೇರಳದಿಂದ ವಲಸೆ ಬಂದ ರಬ್ಬರ್ ಕೃಷಿಕರಲ್ಲಿ ಕ್ರೈಸ್ತರು ಅನೇಕರು. ಇವರು ಮಲೆಯಾಳದವರು, ಕಡಲ ಬದಿಯವರು ಕೊಂಕಣಿಯವರು, ಪೇಟೆಯಲ್ಲಿ ಇಬ್ಬರಿಗೂ ಕನ್ನಡವೇ ಗತಿ.

ಕರಾವಳಿಯ ಕೊಂಕಣಿ ಕ್ರೈಸ್ತರ ಕೃತಜ್ಞತೆಯ ದಿನವೆಂದರೆ ಸೆಪ್ಟೆಂಬರ್ 8, ತೆನೆಹಬ್ಬ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂವರ್ಪಿಸುತ್ತಾರೆ. ಕೊನೆಯ ದಿನ ಇಗರ್ಜಿಯಲ್ಲಿ ಹರಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಅಕ್ಕಿಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಕುಡಿದ ಮೇಲೆಯೇ ಊಟ. ಮೀನು ಮಾಂಸಗಳಿಗೆ ಆ ದಿನ ರಜೆ.

ಹಬ್ಬ ವರುಷಕ್ಕೊಮ್ಮೆ, ಬಡತನಕ್ಕೆ ವಾರವಾರವೂ ಹಸಿವು. ಅದಕ್ಕಾಗಿ ಈ ಕಡೆಯ ಕ್ಯಾಥೊಲಿಕ ಇಗರ್ಜಿಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಎಂಬ ಏರ್ಪಾಡುಂಟು. ನಿಮ್ಮ ಧರ್ಮ ಇಂದು ಬಡವರಿಗೇನು ಮಾಡುತ್ತಿದೆ ಎಂಬ ಸಹಪಾಠಿಯ ಸವಾಲಿಗೆ ನಾಚಿ, 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡೆರಿಕ್ ಓಜನಾಂ ಗೆಳೆಯರೊಡನೆ ಕಟ್ಟಿದ ಸಭೆಯಿದು; ಆಗ ಅವನಿಗೆ ಇಪ್ಪತ್ತು ವರುಷ. ಸದಸ್ಯರು ಪಾದ್ರಿಗಳಲ್ಲ, ಸಂಸಾರಸ್ಥರು. ಇಬ್ಬಿಬ್ಬರಾಗಿ ಬಡವರ ಮನೆಗೆ ಹೋಗಿ ಕೂತು ಮಾತಾಡಿ ಬರಬೇಕು. ಹಣವನ್ನು ಯಾರ ಕೈಯಲ್ಲೋ ಕಳುಹಿಸಿದರಾಗದು. ಸಭೆ ಮುಗಿಯುವ ಮುನ್ನ ಬಟ್ಟೆಯ ಚೀಲವೊಂದು ಕೈಯಿಂದ ಕೈಗೆ ಸಾಗುತ್ತದೆ. ಪ್ರತಿಯೊಬ್ಬರೂ ಮುಚ್ಚಿದ ಮುಷ್ಟಿಯನ್ನು ಒಳಗಿಟ್ಟು ಹೊರತೆಗೆಯುತ್ತಾರೆ. ನೂರು ಹಾಕಿದವರಾರು, ಬರಿಗೈ ಹಾಕಿದವರಾರು ಎಂದು ಪಕ್ಕದವರಿಗೂ ತಿಳಿಯುವುದಿಲ್ಲ. ಆಮೇಲೆ ಚೀಲವನ್ನು ಮೇಜಿನ ಮೇಲೆ ಸುರಿದು, ಎಣಿಸಿ, ಪುಸ್ತಕದಲ್ಲಿ ಮೊತ್ತವನ್ನು ಬರೆದು, ಮುಂದಿನ ವಾರ ಯಾರ ಮನೆಗೆ ಯಾರು ಹೋಗಬೇಕೆಂದು ಗೊತ್ತುಮಾಡುತ್ತಾರೆ.