ಹನಿಗೆ ದಾರಿ ಬಿಡಿ



ಎಳ್ಳಮಾವಾಸ್ಯೆಯ ಚಳಿಯಲ್ಲಿ ನಮ್ಮ ಆಲಮೇಲದ ಬಚ್ಚಲುಮನೆಗಳಿಗೆ ಬಿಡುವೆಂಬುದಿಲ್ಲ. ಆದರೆ ಚಳಿಗೆ ನಳ ಒಡೆಯುತ್ತದೆಂದರೆ ಇಲ್ಲಿ ಯಾರೂ ನಂಬಲಾರರು. ಕೊಳವೆಯ ನೀರು ಹೆಪ್ಪುಗಟ್ಟುವಷ್ಟು ಚಳಿ ಈ ಭೀಮಾ ಸೀಮೆಯಲ್ಲಿ ಬೀಳುವುದಿಲ್ಲ. ಹಾಗಿದ್ದೂ ಚಳಿಗಾಲದಲ್ಲಿ ನಮ್ಮ ಮನೆಗಳಿಗೂ ನೀರಿನಿಂದ ಅಪಾಯವುಂಟು. ಅದು ಬರುವುದು ಹೆಪ್ಪುಗಟ್ಟಿದ ನೀರಿನಿಂದಲ್ಲ, ಕಾದ ನೀರಿನಿಂದ. ಇವೆರಡರ ಹಿಂದೆಯೂ ಒಂದೇ ಸಂಗತಿ ಇದೆಯೆಂಬುದನ್ನು ನಾನು ತಡವಾಗಿ, ಸ್ವಲ್ಪ ಬೆಲೆ ತೆತ್ತು ಕಲಿತೆ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಮಿನೆಸೋಟದಲ್ಲಿರುವ ಮಗನ ಮನೆಯಲ್ಲಿ ಒಂದು ಚಳಿಗಾಲ ಕಳೆದೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಅಂಥ ರಾತ್ರಿಗಳಲ್ಲಿ ಸೊಸೆ ಅಡುಗೆಮನೆಯ ನಳವನ್ನು ತೊಟ್ಟಿಕ್ಕುವಂತೆ ಬಿಟ್ಟು, ಹೊರಗೋಡೆಗೆ ಹೊಂದಿದ ಕಪಾಟಿನ ಬಾಗಿಲು ತೆರೆದಿಟ್ಟು ಮಲಗುತ್ತಿದ್ದಳು. ಒಳಗಿನ ಬೆಚ್ಚನೆಯ ಗಾಳಿ ಕೊಳವೆಗೆ ತಾಗಲೆಂದು ಆ ಬಾಗಿಲು ತೆರೆಯುವುದು. ಕೊಡ ಹೊತ್ತು ಬೆಳೆದ ನನಗೆ ಆ ಹನಿ ಶುದ್ಧ ದುಂದಾಗಿ ಕಂಡಿತು. ಎದ್ದು ನಳ ಬಿಗಿಯಹೋದರೆ ಅವಳು ತಡೆದಳು: “ಮಾವಾರ, ಬಂದ್ ಮಾಡಬ್ಯಾಡ್ರಿ. ಆ ಹನೀನ ಮನಿ ಕಾಯೋದು.”

ನೀರು ತಣ್ಣಗಾದಂತೆ 4 ಡಿಗ್ರಿಯವರೆಗೆ ಕುಗ್ಗುತ್ತದೆ. ಅಲ್ಲಿಂದ ಕೆಳಗೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾದಾಗ ಸುಮಾರು ಶೇಕಡಾ 9ರಷ್ಟು ಹೆಚ್ಚು ಜಾಗ ಬೇಡುತ್ತದೆ. ಕೊಳವೆ ಸೀಳುವುದು ಅನೇಕ ವೇಳೆ ಗಡ್ಡೆ ಕಟ್ಟಿದ ಸ್ಥಳದಲ್ಲಲ್ಲ. ಬೆಳೆಯುವ ಗಡ್ಡೆಗೂ ಮುಚ್ಚಿದ ನಳಕ್ಕೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡವೇ ಅದನ್ನು ಸೀಳುತ್ತದೆ. ನಳ ತೊಟ್ಟಿಕ್ಕುತ್ತಿದ್ದರೆ ಆ ಒತ್ತಡಕ್ಕೆ ದಾರಿಯಾಗುತ್ತದೆ.

ಊರಿಗೆ ಮರಳಿದೆ, ಕಲಿತದ್ದನ್ನು ಅಲ್ಲಿಯೇ ಬಿಟ್ಟುಬಂದೆ. ನಮ್ಮ ಬಚ್ಚಲಿನ ಗೀಸರಿನ ಕೆಳಗಿನ ವಾಲ್ವು, ನೀರು ಕಾಯುವಾಗಲೆಲ್ಲ ನಾಲ್ಕು ಹನಿ ಉದುರಿಸುತ್ತಿತ್ತು. ಸೋರುತ್ತಿದೆಯೆಂದು ಬಗೆದು, ನಾನೇ ನಿಂತು ಅದರ ಬಾಯಿಗೆ ಬೆಣೆ ಹೊಡೆಸಿದೆ. ಹದಿನೈದು ದಿನ ಕಳೆದಿರಬಹುದು. ಒಂದು ನಸುಕಿನಲ್ಲಿ ದೊಡ್ಡ ಸದ್ದಾಗಿ, ಕೊಳವೆಯ ಬೆಸುಗೆ ಕಿತ್ತು, ಕುದಿನೀರು ಗೋಡೆಯಿಂದ ಗೋಡೆಗೆ ಚಿಮ್ಮಿತು. ಮೊಮ್ಮಗಳು ಸ್ನಾನ ಮುಗಿಸಿ ಹೊರಬಂದು ಆಗಷ್ಟೇ ಜಡೆ ಬಿಚ್ಚಿಕೊಳ್ಳುತ್ತಿದ್ದಳು. ಮುಂದಿನದನ್ನು ಯೋಚಿಸಲು ಇಂದಿಗೂ ನನಗೆ ಧೈರ್ಯವಿಲ್ಲ.

ಕಾದರೂ ನೀರು ಹಿಗ್ಗುತ್ತದೆ. 15 ಲೀಟರು ನೀರನ್ನು 20 ಡಿಗ್ರಿಯಿಂದ 65 ಡಿಗ್ರಿಗೆ ಕಾಯಿಸಿದರೆ ಅದು ಕಾಲು ಲೀಟರಿಗಿಂತ ತುಸು ಹೆಚ್ಚೇ ಬೆಳೆಯುತ್ತದೆ. ಹಂಡೆಗೆ ಬಾಯಿ ತೆರೆದಿರುವುದರಿಂದ ಅಲ್ಲಿ ಚಿಂತೆಯಿಲ್ಲ. ಗೀಸರಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯಿದ್ದರೆ, ಬೆಳೆದ ನೀರಿಗೆ ಆ ವಾಲ್ವಿನ ಹನಿಯೊಂದೇ ದಾರಿ. ನಾನು ಮುಚ್ಚಿಸಿದ್ದು ಅದನ್ನೇ.

ಬೆಣೆ ಹೊಡೆಯದಿದ್ದರೂ ಆ ದಾರಿಯನ್ನು ಮುಚ್ಚಬಲ್ಲದ್ದು ಇನ್ನೊಂದುಂಟು. ನಮ್ಮ ಕೊಳವೆಬಾವಿಗಳ ನೀರು ಗಡಸು. ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣದ ಅಂಶ ಬೇರ್ಪಟ್ಟು ಹೊಪ್ಪಳೆಗಟ್ಟುತ್ತದೆ. ಹಂಡೆಯ ಒಳಮೈಗೆ ಅಂಟುವ ಬಿಳಿಯ ಪೊರೆ ಇದೇ. ಹುಣಿಸೆಹುಳಿಯಿಂದಲೋ ಇಂಡಿಯ ನಿಂಬೆಯಿಂದಲೋ ನಮ್ಮ ತಾಯಂದಿರು ಅದನ್ನು ತಿಕ್ಕಿ ತೆಗೆಯುತ್ತಿದ್ದರು. ಹುಳಿಗೆ ಸುಣ್ಣ ಕರಗುತ್ತದೆ. ಗೀಸರಿನ ಒಳಮೈ ಕಣ್ಣಿಗೆ ಕಾಣದು. ಚಳಿಗಾಲದಲ್ಲಿ ಹೆಚ್ಚು ಕಾಯಿಸಿದಷ್ಟೂ ಸುಣ್ಣ ಹೆಚ್ಚು.

ಆದುದರಿಂದ ದೀಪಾವಳಿಯ ಹೊತ್ತಿಗೇ ಬಲ್ಲವರನ್ನು ಕರೆಸಿ, ವಿದ್ಯುತ್ತು ತೆಗೆದು, ಗೀಸರಿನ ಸುಣ್ಣ ತೆಗೆಸಿರಿ, ವಾಲ್ವು ಪರೀಕ್ಷಿಸಿರಿ. ಕಾಯುವಾಗ ಬೀಳುವ ಹನಿಗೆ ಹೆದರಬೇಡಿ. ತಣ್ಣಗಿದ್ದಾಗಲೂ ಧಾರೆಯಾಗಿ ಸುರಿದರೆ ಮಾತ್ರ ದುರಸ್ತಿ ಬೇಕು. ಮಾಳಿಗೆಯ ಮೇಲೆ ಸೌರ ಹೀಟರ್ ಇದ್ದವರು ಅದರ ಗಾಳಿಕೊಳವೆಯ ಬಾಯಿಗೆ ಬಟ್ಟೆ ತುರುಕಬೇಡಿ. ಮನೆಗೆ ನೀರು ಬರುವ ಮುಖ್ಯ ವಾಲ್ವು ಎಲ್ಲಿದೆ, ಅದು ಸುಲಭವಾಗಿ ತಿರುಗುತ್ತದೆಯೇ ಎಂಬುದು ಮನೆಯವರೆಲ್ಲರಿಗೂ ತಿಳಿದಿರಲಿ. ಆ ನಸುಕಿನಲ್ಲಿ ನಾನು ಅದನ್ನು ಕತ್ತಲಲ್ಲಿ ಹುಡುಕುತ್ತಿದ್ದೆ.

ನೀರು ಪೋಲಾಗಬಾರದೆಂಬ ನನ್ನ ಹಟ ಇನ್ನೂ ಹೋಗಿಲ್ಲ. ಈಗ ಹೊಸ ಗೀಸರಿನ ವಾಲ್ವಿಗೆ ಸಣ್ಣ ನಳಿಗೆ ಜೋಡಿಸಿ ಅದರ ಕೆಳಗೆ ಒಂದು ತಂಬಿಗೆ ಇಟ್ಟಿದ್ದೇನೆ. ಸಂಜೆಗೆ ಆ ನೀರನ್ನು ಮೊಮ್ಮಗಳು ತುಳಸಿಗೆ ಹಾಕುತ್ತಾಳೆ.