ವಸಂತಕ್ಕೆ ಕಹಿಯೇ ರುಚಿ

ಏಪ್ರಿಲ್‌ನಲ್ಲಿ ಕ್ಯೋಟೊಗೆ ಬಂದ ಪ್ರವಾಸಿಗರೆಲ್ಲ ಚೆರ್ರಿ ಮರಗಳತ್ತ ಮೊಬೈಲ್ ಎತ್ತಿ ನಿಂತಿರುತ್ತಾರೆ. ಊರಿನ ಅಡುಗೆಯವರ ಕಣ್ಣು ಮಾತ್ರ ನೆಲದ ಮೇಲೆ. ನಗರದ ಪಶ್ಚಿಮಕ್ಕೆ, ಓಹರಾನೊ, ನಾಗಾಓಕಾಕ್ಯೊ ಕಡೆಯ ಬಿದಿರು ತೋಪುಗಳಲ್ಲಿ ಮೊಳಕೆ ಏಳುವ ಹೊತ್ತು ಅದು. ರೈತರು ಚಳಿಗಾಲದಲ್ಲೇ ತೋಪಿಗೆ ಹುಲ್ಲು ಹಾಸಿ, ಮೇಲೆ ಮಣ್ಣು ಹರಡಿ ನೆಲವನ್ನು ಮೆತ್ತಗೆ ಮಾಡಿಟ್ಟಿರುತ್ತಾರೆ. ಮಣ್ಣು ಕೊಂಚ ಬಿರಿದರೆ ಸಾಕು, ಉದ್ದನೆಯ ಕಬ್ಬಿಣದ ಸಲಕರಣೆ ಇಳಿಸಿ ಮೊಳಕೆಯನ್ನು ಮೀಟಿ ತೆಗೆಯುತ್ತಾರೆ. ಬೆಳಕು ಕಂಡರೆ ಅದು ಕಹಿ. ಬೆಳಗ್ಗೆ ಅಗೆದದ್ದು ಮಧ್ಯಾಹ್ನದೊಳಗೆ ಬಟ್ಟಲಿಗೆ ಬಂದರೇ ಚೆನ್ನ.

ಬಟ್ಟಲೆಂದರೆ ಕೈಸೆಕಿ ಊಟದ ಬಟ್ಟಲು. 16ನೇ ಶತಮಾನದ ಚಹಾ ಗುರು ಸೆನ್ ನೊ ರಿಕ್ಯೂ ಕಾಲದಲ್ಲಿ, ಗಟ್ಟಿ ಮಾಚ್ಚಾ ಚಹಾ ಕುಡಿಯುವ ಮುನ್ನ ಹೊಟ್ಟೆಗೆ ಆಸರೆಯಾಗಲೆಂದು ಬಡಿಸುತ್ತಿದ್ದ ಮಿತವಾದ ಊಟದಲ್ಲಿ ಇದರ ಬೇರಿದೆ. ಈಗ ಅದು ಒಂದರ ಹಿಂದೊಂದು ಬರುವ ಹತ್ತಾರು ಬಗೆಗಳ ದುಬಾರಿ ಭೋಜನ. ರಾತ್ರಿಯದಕ್ಕೆ ಜೇಬು ಗಟ್ಟಿ ಇರಬೇಕು. ಎಷ್ಟೋ ಕಡೆ ಅದೇ ಅಡುಗೆಮನೆಯ ಮಧ್ಯಾಹ್ನದ ಊಟ ಸಾಕಷ್ಟು ಅಗ್ಗ. ಹಗಲ ಬೆಳಕಲ್ಲಿ ಅರಗಿನ ಬಟ್ಟಲ ಹೊಳಪೂ ಹೊರಗಿನ ತೋಟವೂ ಕಾಣುವುದರಿಂದ, ನನ್ನ ಮಟ್ಟಿಗೆ ಹಗಲೂಟವೇ ಮೇಲು.

ಅಡುಗೆಯವನ ಪರೀಕ್ಷೆ ನಡೆಯುವುದು ಮುಚ್ಚಳ ಹೊದ್ದು ಬರುವ ತಿಳಿಸಾರಿನಲ್ಲಿ. ಕೊಂಬು ಎಂಬ ಕಡಲಪಾಚಿ, ಹೊಗೆಯಾಡಿಸಿ ಒಣಗಿಸಿದ ಕತ್ಸುಒ ಮೀನಿನ ತೆಳ್ಳನೆ ಹೆರೆ, ಕ್ಯೋಟೊದ ಮೆದು ನೀರು: ಇಷ್ಟರಲ್ಲೇ ದಾಶಿ ಎಂಬ ಮೂಲ ಸಾರು ಸಿದ್ಧ. ಇದೇ ಊರಲ್ಲಿ ಹುಟ್ಟಿದ ರಸಾಯನವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬುವಿನಿಂದ ಗ್ಲುಟಮೇಟ್ ಬೇರ್ಪಡಿಸಿ, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಸಾರಿನೊಳಗೆ ಬಿದಿರು ಮೊಳಕೆ, ವಕಾಮೆ ಪಾಚಿ. ಮೇಲೊಂದು ಕಿನೊಮೆ ಚಿಗುರು. ಅದು ಸಾನ್ಶೊ ಗಿಡದ ಎಳೆ ಎಲೆ, ನಮ್ಮ ಕರಾವಳಿಯ ತೆಪ್ಪಲ್ ಕುಲದ್ದು. ಅಂಗೈ ಮೇಲಿಟ್ಟು ಇನ್ನೊಂದು ಕೈಯಿಂದ ಪಟ್ಟನೆ ತಟ್ಟಿ ಹಾಕುತ್ತಾರೆ. ಮುಚ್ಚಳ ಎತ್ತಿದೊಡನೆ ನಾಲಿಗೆಗಿಂತ ಮೊದಲು ಮೂಗಿಗೆ ಬಡಿಯುವುದು ಅದೇ.

ಬಿದಿರಿನ ಕಹಿ ಯಾರಿಗೂ ಬೇಡ. ಮಲೆನಾಡಿನಲ್ಲಿ ಮಳೆಗಾಲದ ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಹಾಕುತ್ತಾರೆ. ಕ್ಯೋಟೊದಲ್ಲಿ ಅಕ್ಕಿ ತೌಡು, ಒಣಮೆಣಸಿನಕಾಯಿ ಹಾಕಿ ಬೇಯಿಸುತ್ತಾರೆ. ಕಾಡುಸೊಪ್ಪಿನ ಕಹಿಯ ಮಾತೇ ಬೇರೆ, ಅದು ಬೇಕೇ ಬೇಕು. ಹಿಮ ಕರಗುವಾಗ ಮೂಡುವ ಫುಕಿ ಮೊಗ್ಗು, ತಾರಾ ಮರದ ಚಿಗುರುಗಳನ್ನು ತೆಳು ಹಿಟ್ಟಿನಲ್ಲಿ ಅದ್ದಿ ಕರಿದಾಗ ಹೊರಗೆ ಗರಿಗರಿ, ಒಳಗೆ ನಾಲಿಗೆಯ ಬುಡಕ್ಕಿಳಿಯುವ ಕಹಿ. ಚಳಿಯಲ್ಲಿ ಜಡವಾದ ಮೈಯನ್ನು ಅದು ಎಬ್ಬಿಸುತ್ತದೆ ಎನ್ನುವುದು ಅಲ್ಲಿನ ನಂಬಿಕೆ. ಇದೇ ಕಾಲದ ಸಾಕುರಾದಾಯ್ ಮೀನಿನ ಹಸಿ ಹೋಳುಗಳನ್ನು ಹೊಗಳುವವರು ಬಹಳ. ನನ್ನ ಓಟು ಫುಕಿ ಮೊಗ್ಗಿಗೆ.

ಕೊನೆಗೆ ಅನ್ನ, ಮಿಸೊ ಸಾರು, ಉಪ್ಪಿನಕಾಯಿ ಬಂದರೆ ಊಟ ಮುಗಿಯಿತೆಂದೇ ಲೆಕ್ಕ. ಸಸ್ಯಾಹಾರಿಗಳು ಒಂದು ಗಮನಿಸಬೇಕು: ಬರೀ ತರಕಾರಿಯಂತೆ ಕಂಡದ್ದೂ ಮೀನಿನ ದಾಶಿಯಲ್ಲೇ ಬೆಂದಿರುತ್ತದೆ. ಅಂಥವರು ಬೌದ್ಧ ದೇಗುಲಗಳ ಶೋಜಿನ್ ಊಟ ಹುಡುಕುವುದು ಮೇಲು. ಅಲ್ಲಿ ಸಾರಿಗೆ ಕೊಂಬು, ಒಣ ಶಿಟಾಕೆ ಅಣಬೆ. ಬಿದಿರು ಮೊಳಕೆ, ಕಹಿ ಸೊಪ್ಪು ಅಲ್ಲಿಯೂ ಸಿಗುತ್ತವೆ.